ಮಳೆಗಾಲದಲ್ಲಿ ಒಬ್ರೇ ಬೈಕಲ್ಲಿ ಮಲೆನಾಡು ಸುತ್ತೋರಿಗೆ: ಹೊರಡೋ ಮುಂಚೆ ಮಾಡ್ಕೋಬೇಕಾದ ಪ್ಲಾನ್

ಜೂನ್ ಬಂತು ಅಂದ್ರೆ ಸಾಕು, ಒಬ್ನೇ ಬೈಕ್ ತಗೊಂಡು ಘಟ್ಟದ ಅಂಚಲ್ಲಿ ಒಂದು ರೌಂಡ್ ಹಾಕ್ಬೇಕು, ರೂಟ್ ಹೇಳಿ ಅಂತ ಕೇಳೋರು ಶುರುವಾಗ್ತಾರೆ. ರೂಟ್ ಏನೋ ಮೊಬೈಲ್ ತೆಗೆದ್ರೆ ಸಿಗುತ್ತೆ. ಆದ್ರೆ ಗುಂಪಲ್ಲಿ ಹೋದಾಗ ಒಬ್ಬ ಬಿದ್ರೆ ಇನ್ನೊಬ್ಬ ಎತ್ತುತ್ತಾನೆ, ಒಬ್ರೇ ಇದ್ದಾಗ ಬೈಕ್ ಕಾಲ ಮೇಲೆ ಬಿತ್ತು ಅಂದ್ರೆ ಹಿಂದಿಂದ ಇನ್ನೊಂದು ಗಾಡಿ ಬರೋ ತನಕ ಅಲ್ಲೇ ಬಿದ್ಕೊಂಡಿರ್ಬೇಕು, ನಾಗೋಡಿ ಕಡೆ ಜುಲೈ ತಿಂಗಳ ಜಡಿಮಳೇಲಿ ಸಂಜೆ ನಾಕರ ಮೇಲೆ ಆ ಗಾಡಿ ಎಷ್ಟೊತ್ತಿಗೆ ಬರುತ್ತೆ ಅಂತ ದೇವರಿಗೇ ಗೊತ್ತು. ಅದಕ್ಕೇ ಸೋಲೋ ಹೋಗೋರು ಎಲ್ಲಿಗೆ ಹೋಗ್ಬೇಕು ಅಂತ ಡಿಸೈಡ್ ಮಾಡೋಕಿಂತ ಮುಂಚೆ ಎಲ್ಲಿಂದ ವಾಪಸ್ ತಿರುಗ್ಬೇಕು ಅಂತ ಡಿಸೈಡ್ ಮಾಡ್ಕೋಬೇಕು ಅನ್ನೋದು ನನ್ನ ವಾದ. ಕೆಳಗೆ ಬರ್ದಿರೋದೆಲ್ಲ ಅದರ ಸುತ್ತಾನೇ ಇದೆ.

ಮೊದಲನೇ ಕೆಲಸ: ಯಾವ ಮಳೇಲಿ ಹೊರಡ್ತೀರಿ

ಕ್ಯಾಲೆಂಡರಲ್ಲಿ ಲಾಂಗ್ ವೀಕೆಂಡ್ ಹುಡುಕೋ ಬದ್ಲು ಪಂಚಾಂಗದಲ್ಲಿ ಮಳೆ ನಕ್ಷತ್ರ ನೋಡಿ, ತಮಾಷೆಗಲ್ಲ. ಜೂನ್ ಎರಡನೇ ವಾರದ ಮೃಗಶಿರ ಮಳೇಲಿ ರೋಡ್ ಮೇಲಿನ ಎಣ್ಣೆ, ಧೂಳು, ಎಲೆ ಎಲ್ಲ ಸೇರಿ ಜಾರಿಕೆ, ಚರಂಡಿ ಇನ್ನೂ ಕ್ಲೀನ್ ಆಗಿರಲ್ಲ, ಗಾಳಿಗೆ ಒಣಗಿದ ಕೊಂಬೆ ಬೀಳೋದೂ ಆವಾಗ್ಲೇ. ಆಮೇಲೆ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಅಂತ ಆಗಸ್ಟ್ ಮಧ್ಯದ ತನಕ ಮಳೆಯ ಜೋರು. ಮೊದಲನೇ ಸಲ ಒಬ್ರೇ ಹೋಗೋರಿಗೆ ನಾನು ಹೇಳೋದು ಮಘೆ ಮಳೆ, ಅಂದ್ರೆ ಆಗಸ್ಟ್ 17ರ ಆಸುಪಾಸಿಂದ ಆಗಸ್ಟ್ ಕೊನೆ ತನಕ. ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು ಅಂತಾರಲ್ಲ, ಅದು ಗದ್ದೆಗೆ ಹೇಳಿದ ಮಾತು ನಿಜ, ಆದ್ರೆ ಬೈಕ್‌ನವ್ರಿಗೂ ಆ ಟೈಮ್ ಒಳ್ಳೇದೇ. ಹಳ್ಳ ತುಂಬಿರುತ್ತೆ, ಹಸಿರು ಕಣ್ಣಿಗೆ ಹೊಡೆಯುತ್ತೆ, ನಡುನಡುವೆ ಹೊಳವು ಕೊಡುತ್ತೆ (ಮಳೆ ಸ್ವಲ್ಪ ಹೊತ್ತು ಬಿಡುತ್ತೆ), ಬಿದ್ದ ಮರ ಕುಸಿದ ಧರೆ ಎಲ್ಲ ಅಷ್ಟೊತ್ತಿಗೆ ಮುಕ್ಕಾಲು ಪಾಲು ಕ್ಲಿಯರ್ ಆಗಿರುತ್ತೆ.

ಶಿವಮೊಗ್ಗ ಸಿಟೀಲಿ ನಿಂತು ಆಕಾಶ ನೋಡಿ ಡಿಸೈಡ್ ಮಾಡ್ಬೇಡಿ. ಆಗುಂಬೆಗೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೇಲೆ ಮಳೆ, ಹುಲಿಕಲ್ ಕಡೇನೂ ಅದಕ್ಕೆ ಸರಿಸಮ, ಸಿಟೀಲಿ ಅದರ ಕಾಲುಭಾಗವೂ ಬರಲ್ಲ. ಗೋಪಿ ಸರ್ಕಲ್‌ನಲ್ಲಿ ಬಿಸಿಲು ಇದ್ದಾಗ ಹುಲಿಕಲ್‌ನಲ್ಲಿ ಮುಂದಿನ ಗಾಡಿ ಕಾಣದಿರೋ ಮಳೆ ಇರ್ಬಹುದು. ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೇಲಿ 64.5 ಮಿ.ಮೀ. ದಾಟಿದ್ರೆ ಭಾರಿ ಮಳೆ, 115.6 ಮುಟ್ಟಿದ್ರೆ ಅತಿ ಭಾರಿ, 204.4 ಮೀರಿದ್ರೆ ಅದಕ್ಕೂ ಮೇಲಿನದು. ನನ್ನ ರೂಲ್ ಸಿಂಪಲ್: ಇಲಾಖೆಯ ಯೆಲ್ಲೋ ಅಲರ್ಟ್ ಇದ್ರೆ ನಿಧಾನಕ್ಕೆ ಹೋಗಿ, ಆರೆಂಜ್ ಇದ್ರೆ ಇರೋ ಊರಲ್ಲೇ ಇನ್ನೊಂದಿನ ಇರಿ, ರೆಡ್ ಇದ್ರೆ ಮನೆ ಬಿಡಲೇಬೇಡಿ. ಇನ್ನೂ ಸುಲಭದ ಲೆಕ್ಕ ಬೇಕಂದ್ರೆ ಡಿಸಿ ಸ್ಕೂಲಿಗೆ ರಜೆ ಕೊಟ್ರಾ ನೋಡಿ. ತೀರ್ಥಹಳ್ಳಿ, ಹೊಸನಗರ, ಸಾಗರ ತಾಲೂಕಿಗೆ ರಜೆ ಅಂತ ಬೆಳಿಗ್ಗೆ ಮೆಸೇಜ್ ಓಡಾಡ್ತಿದ್ರೆ ನೀವೂ ರಜೆ ತಗೊಳ್ಳಿ. ಹಾಗೇ ತುಂಗೆ ವಿಷಯ: ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಮಂಟಪ, ತೀರ್ಥಹಳ್ಳೀಲಿ ರಾಮಮಂಟಪ ಮುಳುಗಿದೆ ಅಂದ್ರೆ ಮೇಲಿನ ಹಳ್ಳಗಳೆಲ್ಲ ರೋಡಿಗೆ ಬಂದಿರೋ ಚಾನ್ಸ್ ಜಾಸ್ತಿ.

ಮಳೆ ಬೇಡಪ್ಪ, ಡಿಸೆಂಬರಿಂದ ಮೇ ಒಳಗೆ ಹೋಗ್ತೀನಿ ಅನ್ನೋರಿಗೆ ಒಂದೇ ಮಾತು. ಅದು ಮಂಗನ ಕಾಯಿಲೆ ಸೀಸನ್. 1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲೇ ಮೊದಲು ಪತ್ತೆಯಾದ ಕಾಯಿಲೆ ಅದು, ಹರಡೋದು ಉಣುಗಿಂದ, ಅಂದ್ರೆ ಉಣ್ಣೆ ಹುಳದಿಂದ. ಬೈಕ್ ನಿಲ್ಸಿ ದರಗಿನ (ಉದುರಿದ ಒಣ ಎಲೆ) ಮೇಲೆ ಅಡ್ಡ ಆಗೋದು, ಮಂಗ ಸತ್ತು ಬಿದ್ದಿರೋ ಜಾಗದಲ್ಲಿ ಓಡಾಡೋದು ಬೇಡ.

ಎರಡನೇದು: ರೂಟು, ಮತ್ತೆ ಪ್ರತಿ ದಿನಕ್ಕೊಂದು ವಾಪಸ್ ಪಾಯಿಂಟ್

ನಾನು ಹೊಸಬ್ರಿಗೆ ಹೇಳೋ ಸುತ್ತು ಇದು: ಶಿವಮೊಗ್ಗ, ಸಾಗರ, ಸಿಗಂದೂರು, ನಾಗೋಡಿ, ನಿಟ್ಟೂರು, ನಗರ, ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ, ಕೆರೆಕಟ್ಟೆ, ಕುದುರೆಮುಖ, ಕಳಸ, ಬಾಳೆಹೊನ್ನೂರು, ಕೊಪ್ಪ, ಮತ್ತೆ ತೀರ್ಥಹಳ್ಳಿ ಮೇಲೆ ಶಿವಮೊಗ್ಗ. ಹತ್ತಿರ ಹತ್ತಿರ 500 ಕಿಲೋಮೀಟರ್, ಐದು ದಿನ. ದಿನಕ್ಕೆ ನೂರು ಕಿಲೋಮೀಟರಾ ಅಂತ ನಗಬೇಡಿ ಮಾರಾಯ್ರೆ, ಜಡಿಮಳೇಲಿ ಗಂಟೆಗೆ 25-30ರ ಮೇಲೆ ಸರಾಸರಿ ಬೀಳಲ್ಲ, ನಿಲ್ಲೋದು, ಒದ್ದೆ ಗ್ಲವ್ಸ್ ಹಿಂಡೋದು, ಕಾಫಿ ಕುಡಿಯೋದು ಎಲ್ಲ ಸೇರಿ ಬೆಳಕು ಮುಗ್ದೇ ಹೋಗುತ್ತೆ. ಪಂಚಾಂಗದ ಸೂರ್ಯಾಸ್ತ ಏಳು ಗಂಟೆ ಇದ್ರೂ ಮಂಜು ಕೂತ ಕಾಡಲ್ಲಿ ಐದೂವರೆಗೇ ಕತ್ತಲು. ನಾಲ್ಕಕ್ಕೆ ರೂಮ್ ಸೇರ್ಬೇಕು ಅಂತ ಇಟ್ಕೊಳ್ಳಿ.

ಈ ಸುತ್ತಿನ ಲಾಭ ಏನಂದ್ರೆ ಪೂರ್ತಿ ಘಟ್ಟದ ಮೇಲೇ ಇರ್ತೀರಿ, ಯಾವ ಘಾಟೀನೂ ಇಳಿಯಲ್ಲ. ನಾಗೋಡಿ ಹತ್ರ ಕೊಲ್ಲೂರು ಘಾಟಿ ಬಾಯಿಗೆ, ಆಗುಂಬೇಲಿ 14 ತಿರುವಿನ ಘಾಟಿ ಬಾಯಿಗೆ, ಎಸ್.ಕೆ. ಬಾರ್ಡರಲ್ಲಿ (ಹಳೇ ಸೌತ್ ಕೆನರಾ ಜಿಲ್ಲೆ ಗಡಿ) ಕಾರ್ಕಳದ ಕಡೆ ಇಳಿಯೋ ರೋಡಿಗೆ ಬಂದು ಪಕ್ಕಕ್ಕೆ ತಿರುಗ್ತೀರಿ. ಘಾಟಿ ರೋಡಲ್ಲಿ ಧರೆ ಕುಸಿದ್ರೆ ಕೆಳಗಿದ್ದೋರು ಕೆಳಗೇ ಮೇಲಿದ್ದೋರು ಮೇಲೇ ಅಂತ ಆಗುತ್ತೆ, ಮೇಲೇ ಇದ್ರೆ ಶಿವಮೊಗ್ಗಕ್ಕೆ ಏನಾದ್ರೂ ಒಂದು ದಾರಿ ತೆರೆದಿರುತ್ತೆ.

ಈಗ ವಾಪಸ್ ಪಾಯಿಂಟ್ ಹೆಂಗೆ ಹಾಕೋದು? ಪ್ರತಿ ದಿನದ ದಾರೀಲಿ ಅರ್ಧಕ್ಕೆ ಹತ್ತಿರ ಒಂದು ಊರು ಆರಿಸ್ಕೊಳ್ಳಿ, ಅಲ್ಲಿ ಹೋಟ್ಲು ಇರ್ಬೇಕು, ಬಸ್ ನಿಲ್ಬೇಕು, ಅದಕ್ಕೊಂದು ಟೈಮ್ ಬರೀರಿ. ಉದಾಹರಣೆಗೆ ಶೃಂಗೇರಿಯಿಂದ ಕಳಸ ಹೋಗೋ ದಿನ: ಹನ್ನೊಂದೂವರೆ ಒಳಗೆ ಕೆರೆಕಟ್ಟೆ ದಾಟ್ಲಿಲ್ಲ ಅಂದ್ರೆ ಶೃಂಗೇರಿಗೆ ವಾಪಸ್, ಯೋಚನೇನೇ ಬೇಡ. ಯಾಕಂದ್ರೆ ಅಲ್ಲಿಂದ ಮುಂದೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಬಂಕ್ ಇಲ್ಲ, ಮೆಕ್ಯಾನಿಕ್ ಇಲ್ಲ, ನೆಟ್‌ವರ್ಕ್ ಬಹುಪಾಲು ಇಲ್ಲ. ಒಂದು ಕಾಲದಲ್ಲಿ ಕುದುರೆಮುಖ ಟೌನ್‌ಶಿಪ್ ಗಿಜಿಗುಡ್ತಿತ್ತು, 2005ರ ಕೊನೆಗೆ ಗಣಿ ನಿಂತ ಮೇಲೆ ಖಾಲಿ ಖಾಲಿ, ಅಲ್ಲಿ ಎಲ್ಲಾ ಸಿಗುತ್ತೆ ಅಂತ ನಂಬ್ಕೊಂಡು ಹೋಗೋದು ಬೇಡ. ಅರಣ್ಯ ಇಲಾಖೆ ಚೆಕ್‌ಪೋಸ್ಟಲ್ಲಿ ಗಾಡಿ ನಂಬರ್ ಬರ್ಕೊಂಡು ಟೈಮ್ ಹಾಕಿದ ಚೀಟಿ ಕೊಟ್ರೆ ಮುಖ ಸಿಂಡರಿಸ್ಬೇಡಿ, ಒಬ್ರೇ ಹೋಗೋರಿಗೆ ಅದಕ್ಕಿಂತ ಒಳ್ಳೇ ಇನ್ಶೂರೆನ್ಸ್ ಇಲ್ಲ, ನೀವು ಒಳಗೆ ಹೋಗಿದ್ದಕ್ಕೆ ದಾಖಲೆ ಇರುತ್ತೆ. ಎಷ್ಟು ಗಂಟೆ ತನಕ ಬಿಡ್ತಾರೆ ಅಂತ ಹಿಂದಿನ ದಿನಾನೇ ಶೃಂಗೇರೀಲಿ ಕೇಳ್ಕೊಳ್ಳಿ, ನೆಮ್ಮಾರು ಕಡೆ ರೋಡ್ ಹೆಂಗಿದೆ ಅಂತಲೂ ಕೇಳಿ, ಅಲ್ಲಿ ಧರೆ ಕುಸಿಯೋದು ಮಳೆಗಾಲದಲ್ಲಿ ಹೊಸ ಸುದ್ದಿ ಅಲ್ಲ.

ಸಿಗಂದೂರು ಕಡೆ ಈಗ ಸುಲಭ ಆಗಿದೆ. ಮೊದಲು ಹಿನ್ನೀರು ದಾಟಿಸೋ ಲಾಂಚ್ ಟೈಮ್ ನೋಡ್ಕೊಂಡು ಇಡೀ ದಿನದ ಪ್ಲಾನ್ ಮಾಡ್ಬೇಕಿತ್ತು, 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಓಪನ್ ಆದ ಮೇಲೆ ಆ ತಲೆಬಿಸಿ ಹೋಯ್ತು. ಎರಡು ಕಿಲೋಮೀಟರ್ ಮೇಲೆ ಉದ್ದ, ಸುತ್ತ ಶರಾವತಿ ಹಿನ್ನೀರು ಬಯಲು ಬಯಲು, ಮಳೆ ಜೊತೆ ಅಡ್ಡಗಾಳಿ ಹೊಡೆದ್ರೆ ಬೈಕ್ ಪಕ್ಕಕ್ಕೆ ಎಳೆಯುತ್ತೆ, ಸೇತುವೆ ಮೇಲೆ ಸೆಲ್ಫಿಗೆ ನಿಲ್ಲೋ ಕಾರುಗಳು ಬೇರೆ. ನಿಧಾನ ಹೋಗಿ. ಆಚೆ ತುಮರಿ ದಾಟಿ ನಾಗೋಡಿ ಕಡೆ ಹೋಗ್ತಾ ಹೋಗ್ತಾ ಮನೆಗಳು ಕಮ್ಮಿ, ಕಾಡು ಜಾಸ್ತಿ. ಆ ದಿನದ ವಾಪಸ್ ಪಾಯಿಂಟ್ ಸಿಗಂದೂರೇ ಇಟ್ಕೊಳ್ಳಿ, ಬೆಳಿಗ್ಗೆ ಎದ್ದಾಗ ಮಳೆ ಬಿಟ್ಟಿಲ್ಲ ಅಂದ್ರೆ ಅಲ್ಲೇ ಇನ್ನೊಂದು ರಾತ್ರಿ, ಇಲ್ಲಾಂದ್ರೆ ಸೇತುವೆ ದಾಟಿ ಸಾಗರಕ್ಕೆ.

ಕೊನೇ ದಿನದ್ದು. ಕಳಸದಿಂದ ಹೊರನಾಡಿಗೆ ಹೋಗಿ ಕೈ ಮುಗಿದು ಬರ್ತೀನಿ ಅನ್ನೋರು ಭದ್ರಾ ಮೇಲಿನ ಹೆಬ್ಬಾಳೆ ಸೇತುವೆ ವಿಚಾರಿಸಿ, ಜೋರು ಮಳೆಗೆ ಅದು ಮುಳುಗುತ್ತೆ. ಬಾಳೆಹೊನ್ನೂರಿಂದ ಎನ್.ಆರ್. ಪುರ, ಉಂಬ್ಳೇಬೈಲು ಮೇಲೆ ಬಂದ್ರೆ ಶಿವಮೊಗ್ಗ ಹತ್ರ ಅಂತ ಮ್ಯಾಪ್ ಹೇಳುತ್ತೆ, ಆದ್ರೆ ಅದು ಕಾಡು ದಾರಿ, ಭದ್ರಾ ಕಡೆಯ ಆನೆ ಓಡಾಡೋ ಜಾಗ. ಒಬ್ರೇ ಇದ್ದಾಗ ಕೊಪ್ಪ, ತೀರ್ಥಹಳ್ಳಿ, ಮಂಡಗದ್ದೆ, ಸಕ್ರೆಬೈಲು ಮೇಲೆ ಬನ್ನಿ, ಉದ್ದ ಆದ್ರೂ ಪರ್ವಾಗಿಲ್ಲ, ಹೈವೇಲಿ ಬಸ್ಸು ಲಾರಿ ಇರ್ತವೆ.

ಇನ್ನೊಂದು, ಮ್ಯಾಪಲ್ಲಿ ಕಾಣೋ ಸಣ್ಣ ಸಣ್ಣ ಶಾರ್ಟ್‌ಕಟ್ ಮುಟ್ಟಬೇಡಿ. ಯಾರದ್ದೋ ತೋಟದ ಉಣುಗೋಲಿಗೋ ಕಾಲುಸಂಕಕ್ಕೋ ಹೋಗಿ ನಿಲ್ಸುತ್ತೆ, ಅಲ್ಲಿ ಬೈಕ್ ತಿರುಗ್ಸೋಕೂ ಜಾಗ ಇರಲ್ಲ.

ಮೂರನೇದು: ಮನೇಲೊಬ್ರು

ಇದನ್ನ ಎಲ್ಲರೂ ಕೊನೆಗೆ ಮಾಡ್ತಾರೆ, ಬೈಕ್ ಸರ್ವಿಸಿಗಿಂತ ಮೊದಲು ಮಾಡ್ಬೇಕು. ಅಣ್ಣನೋ ಅಕ್ಕನೋ ಫ್ರೆಂಡೋ, ಫೋನ್ ಎತ್ತೋ ಅಭ್ಯಾಸ ಇರೋ ಒಬ್ರನ್ನ ಹಿಡೀರಿ. ಒಂದು ಹಾಳೇಲಿ ದಿನದ ರೂಟು, ಉಳಿಯೋ ಜಾಗದ ಹೆಸರು ನಂಬರು, ವಾಪಸ್ ಪಾಯಿಂಟು, ಅದರ ಟೈಮು, ಬೈಕ್ ನಂಬರು ಎಲ್ಲ ಬರ್ದು ಕೊಡಿ, ಫೋಟೋ ತೆಗೆದು ಕಳ್ಸಿ. ಒಪ್ಪಂದ ಹಿಂಗಿರ್ಲಿ: ಸಂಜೆ ಆರಕ್ಕೆ ಫೋನ್ ಬರ್ಲಿಲ್ಲ ಅಂದ್ರೆ ಉಳಿಯೋ ಜಾಗಕ್ಕೆ ಅವ್ರು ಫೋನ್ ಮಾಡೋದು, ಅಲ್ಲೂ ಬಂದಿಲ್ಲ ಅಂದ್ರೆ ಎಂಟಕ್ಕೆ 112ಕ್ಕೆ ಫೋನ್ ಮಾಡಿ ಹಾಳೆ ಓದಿ ಹೇಳೋದು. ಎಂಟು ಅಂದ್ರೆ ಎಂಟೇ, ನೆಟ್‌ವರ್ಕ್ ಇರಲ್ಲ ಬಿಡು ಬರ್ತಾನೆ ಅಂತ ಬೆಳಿಗ್ಗೆ ತನಕ ಕಾಯೋದಲ್ಲ. ಅದೇ ಥರ ನೀವೂ ದಾರಿ ಬದಲಾಯ್ಸಿದ್ರೆ ತಿಳಿಸದೆ ಮುಂದೆ ಹೋಗಂಗಿಲ್ಲ, ಹಾಳೇಲಿ ಇಲ್ಲದ ರೋಡಲ್ಲಿ ಬಿದ್ರೆ ಹುಡುಕೋರು ಇನ್ನೆಲ್ಲೋ ಹುಡುಕ್ತಿರ್ತಾರೆ.

ಹೋಮ್‌ಸ್ಟೇನೋ ಲಾಡ್ಜೋ, ಬುಕ್ ಮಾಡುವಾಗ ಆ್ಯಪಲ್ಲಿ ದುಡ್ಡು ಕಟ್ಟಿ ಸುಮ್ನಾಗ್ಬೇಡಿ, ಫೋನ್ ಮಾಡಿ ಮಾತಾಡಿ. "ಒಬ್ನೇ ಬರ್ತಿದೀನಿ, ನಾಲ್ಕರೊಳಗೆ ಬರ್ತೀನಿ, ಬರ್ದಿದ್ರೆ ಈ ನಂಬರಿಗೆ ಹೇಳಿ" ಅಂದ್ರೆ ನಮ್ಮ ಕಡೆಯವ್ರು ಸುಮ್ನಿರಲ್ಲ, ಮಧ್ಯಾಹ್ನದಿಂದ್ಲೇ ಎಲ್ಲಿದೀರಿ ಅಂತ ವಿಚಾರಿಸ್ತಾರೆ. ಬಿಸಿನೀರು ಕಾಯ್ಸಿ ಇಟ್ಟಿರ್ತಾರೆ, ಅದೇ ಬೋನಸ್ಸು.

ಕರೆಂಟ್ ಹೋಗಿ ಒಂದಿಷ್ಟು ಹೊತ್ತಾದ್ರೆ ಟವರ್ ಬ್ಯಾಟರಿ ಸತ್ತು ನೆಟ್‌ವರ್ಕೂ ಹೋಗುತ್ತೆ, ಮಲೆನಾಡಿನ ಮಳೆಗಾಲದಲ್ಲಿ ಇದು ದಿನಾ ಇದ್ದಿದ್ದೇ. ಹಾಗಾಗಿ ಆಫ್‌ಲೈನ್ ಮ್ಯಾಪ್ ಇಳಿಸ್ಕೊಳ್ಳಿ, ಬಿಎಸ್‌ಎನ್‌ಎಲ್ ಒಂದು, ಬೇರೆ ಕಂಪನಿದು ಒಂದು ಅಂತ ಎರಡು ಸಿಮ್ ಇರ್ಲಿ, ಪವರ್ ಬ್ಯಾಂಕ್ ಇರ್ಲಿ. ಆರ್‌ಸಿ, ಇನ್ಶೂರೆನ್ಸ್, ಡಿಎಲ್ ಜೆರಾಕ್ಸ್ ಪ್ಲಾಸ್ಟಿಕ್ ಕವರಲ್ಲಿ. ಕ್ಯಾಶ್ ಬೇಕೇ ಬೇಕು, ಯುಪಿಐ ಸ್ಕ್ಯಾನರ್ ಗೋಡೆ ಮೇಲೆ ಅಂಟಿಸಿರುತ್ತೆ, ಅದು ನಡೆಯೋಕೆ ನೆಟ್‌ವರ್ಕ್ ಬೇಕಲ್ಲ. ರಕ್ತದ ಗುಂಪು ಮತ್ತೆ ಮನೆ ನಂಬರ್ ಬರ್ದ ಚೀಟಿ ಹೆಲ್ಮೆಟ್ ಒಳಗೊಂದು, ಪರ್ಸಲ್ಲೊಂದು. ಅರಣ್ಯ ಇಲಾಖೆ ಸಹಾಯವಾಣಿ 1926, ಆಂಬುಲೆನ್ಸ್ 108, ಕರೆಂಟ್ ತಂತಿ ಬಿದ್ದಿದ್ರೆ 1912, ಇವನ್ನೂ ಅದೇ ಚೀಟೀಲಿ.

ನಾಲ್ಕು: ಬೈಕು

ದೊಡ್ಡ ಬೈಕೇ ಬೇಕು ಅಂತೇನಿಲ್ಲ, ನನ್ನ ಕೇಳಿದ್ರೆ 150ರಿಂದ 200 ಸಿಸಿ ಒಳಗಿನ ಹಗುರ ಬೈಕೇ ಒಳ್ಳೇದು. ಕೆಸರಲ್ಲಿ ಬಿದ್ರೆ ಒಬ್ರೇ ಎತ್ತಕ್ಕಾಗ್ಬೇಕು, ಅದೇ ಟೆಸ್ಟು. ಹೊರಡೋ ಹಿಂದಿನ ವಾರ ಲಗೇಜ್ ಪೂರ್ತಿ ಕಟ್ಟಿ ಬೈಕ್ ನಿಧಾನಕ್ಕೆ ನೆಲಕ್ಕೆ ಮಲಗ್ಸಿ ಎತ್ತಿ ನೋಡಿ, ಆಗ್ಲಿಲ್ಲ ಅಂದ್ರೆ ಲಗೇಜ್ ಇಳಿಸಿ.

ಟೈರ್ ಸವೆದ ಗುರುತಿಗೆ ಹತ್ರ ಬಂದಿದ್ರೆ ಹೊಸದು ಹಾಕ್ಸಿ, ಬ್ರೇಕ್ ಪ್ಯಾಡೂ ಅಷ್ಟೆ. ಕ್ಲಚ್ ಕೇಬಲ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಕಾಡಲ್ಲಿ ಕೈ ಕೊಡೋದು ಹೆಚ್ಚಾಗಿ ಇದೇ. ಸ್ಪೇರ್ ಕೇಬಲ್ ಬ್ಯಾಗಲ್ಲಿ ಸುತ್ತಿ ಇಟ್ಕೊಂಡ್ರೆ ಮಳೇಲಿ ಟ್ಯಾಂಕ್ ಬಿಚ್ಚಿ ಎಳೆಯೋದು ಹೈರಾಣ. ಅದರ ಬದಲು ಗ್ಯಾರೇಜಲ್ಲೇ ಹೊಸ ಕೇಬಲನ್ನ ಹಳೇದರ ಪಕ್ಕದಲ್ಲೇ ಪೂರ್ತಿ ಎಳೆಸಿ, ಹ್ಯಾಂಡಲ್ ತಿರುಗ್ಸಿದಾಗ ಸಿಕ್ಕಾಕ್ಕೊಳ್ಳಲ್ವಾ ನೋಡಿ, ಎರಡು ತುದಿಗೂ ಗ್ರೀಸ್ ಹಚ್ಚಿ ಪ್ಲಾಸ್ಟಿಕ್ ಸುತ್ತಿ ಟ್ಯಾಗ್ ಹಾಕ್ಸಿ ಬಿಡಿ. ಹಳೇದು ತುಂಡಾದ್ರೆ ಮೇಲೊಂದು ತುದಿ ಕೆಳಗೊಂದು ತುದಿ ಸಿಕ್ಕಿಸಿದ್ರೆ ಮುಗೀತು, ಹತ್ತು ನಿಮಿಷದ ಕೆಲಸ.

ಟ್ಯೂಬ್‌ಲೆಸ್ ಆದ್ರೆ ಪಂಕ್ಚರ್ ಕಿಟ್ಟು, ಸಣ್ಣ ಪಂಪು. ಟ್ಯೂಬ್ ಟೈರ್ ಆದ್ರೆ ಸ್ಪೇರ್ ಟ್ಯೂಬು, ಲಿವರ್ರು, ಮತ್ತೆ ಚಕ್ರ ಬಿಚ್ಚೋ ಸ್ಪ್ಯಾನರು, ಇವೆಲ್ಲ ಇದ್ರೂ ಮನೇಲಿ ಒಂದ್ಸಲ ಬಿಚ್ಚಿ ಹಾಕಿ ಕಲೀದಿದ್ರೆ ಪ್ರಯೋಜನ ಇಲ್ಲ. ಸ್ಪಾರ್ಕ್ ಪ್ಲಗ್, ಫ್ಯೂಸ್, ಇನ್ಸುಲೇಶನ್ ಟೇಪು, ಒಂದು ಮೀಟರ್ ಬೈಂಡಿಂಗ್ ತಂತಿ. ಚೈನ್ ಲ್ಯೂಬ್ ದಿನಾ ಸಂಜೆ, ಚೈನ್ ಬಿಸಿ ಇರುವಾಗ್ಲೇ. ಪೆಟ್ರೋಲ್ ತಾಲೂಕು ಕೇಂದ್ರದಲ್ಲೇ ತುಂಬ್ಸಿ, ಮುಂದೆ ಎಲ್ಲೋ ಸಿಗುತ್ತೆ ಅಂತ ಬಿಡ್ಬೇಡಿ, ಟ್ಯಾಂಕ್ ಅರ್ಧ ಆದ್ರೆ ಖಾಲಿ ಅಂತ್ಲೇ ಲೆಕ್ಕ.

ಮೈಮೇಲೆ, ಬ್ಯಾಗಲ್ಲಿ

ಜೀನ್ಸ್ ಬೇಡ. ನೆಂದ್ರೆ ಭಾರ, ಒಣಗೋದಂತೂ ಇಲ್ಲವೇ ಇಲ್ಲ, ನೆಂದ ಬಟ್ಟೆ ಮೇಲೆ ಗಾಳಿ ಹೊಡೆದು ನಡುಕ ಹತ್ತಿದ್ರೆ ಬೆರಳು ಬ್ರೇಕ್ ಹಿಡಿಯೋ ಮಾತು ಕೇಳಲ್ಲ. ಪ್ಯಾಂಟು ಜರ್ಕಿನ್ ಬೇರೆ ಬೇರೆ ಇರೋ ರೈನ್‌ಕೋಟು, ಒಳಗೆ ಬೇಗ ಒಣಗೋ ಬಟ್ಟೆ. ಒಂದು ಜೊತೆ ಒಣ ಬಟ್ಟೆ ರೂಮಿಗೆ ಮಾತ್ರ, ಏನೇ ಆದ್ರೂ ದಾರೀಲಿ ಮುಟ್ಟಂಗಿಲ್ಲ. ವಾಟರ್‌ಪ್ರೂಫ್ ಅಂತ ಬರ್ದಿರೋ ಬ್ಯಾಗನ್ನ ಹುಲಿಕಲ್ ಮಳೆ ನಂಬಲ್ಲ, ಒಳಗೆ ಗೊಬ್ಬರ ಚೀಲದ ಪ್ಲಾಸ್ಟಿಕ್ ಹಾಕಿ ಬಾಯಿ ತಿರುಚಿ ಕಟ್ಟಿ. ಹೆಲ್ಮೆಟ್ ಗ್ಲಾಸು ಕ್ಲಿಯರ್ ಇರ್ಲಿ, ಕಪ್ಪು ಬೇಡ.

ಉಂಬಳಕ್ಕೆ (ಜಿಗಣೆ) ಹೆದರ್ಬೇಡಿ. ಕಾಲಿಗೆ ತೆಂಗಿನೆಣ್ಣೆಗೆ ಸುಣ್ಣ ಕಲಸಿ ಹಚ್ಚಿ, ಇಲ್ಲಾ ಹೊಗೆಸೊಪ್ಪಿನ ನೀರು ಸಾಕ್ಸಿಗೆ, ಹಿಡಿದಿದ್ರೆ ಉಪ್ಪು. ರಕ್ತ ಸ್ವಲ್ಪ ಹೊತ್ತು ನಿಲ್ಲಲ್ಲ ಅಷ್ಟೆ. ಹಾವು ಬೇರೆ ವಿಷಯ: ಕಚ್ಚಿದ್ರೆ ಕೊಯ್ಯೋದು, ಬಿಗಿಯಾಗಿ ಕಟ್ಟೋದು, ಮಂತ್ರ ಯಾವುದೂ ಬೇಡ, ಕೈಕಾಲು ಅಲ್ಲಾಡಿಸದೆ ಸಿಕ್ಕ ಗಾಡಿ ಹತ್ತಿ ತಾಲೂಕು ಆಸ್ಪತ್ರೆಗೆ. ಆಗುಂಬೆಯ ಕಾಳಿಂಗಕ್ಕೆ ನಮ್ಮ ಮಾಮೂಲಿ ಪ್ರತಿವಿಷ ಕೆಲಸ ಮಾಡಲ್ಲ, ಹಾಗಾಗಿ ಕಂಡ್ರೆ ವಿಡಿಯೋ ತೆಗೆಯೋಕೆ ಹತ್ರ ಹೋಗ್ಬೇಡಿ, ಅದರ ಪಾಡಿಗೆ ಅದು ಹೋಗುತ್ತೆ.

ರೋಡಲ್ಲಿ

ಮುಂದೆ ದಾರಿ ಹೆಂಗಿದೆ ಅಂತ ಕೇಳ್ಬೇಡಿ, "ಬಸ್ ಬಂತಾ?" ಅಂತ ಕೇಳಿ. ದಾರಿ ಹೆಂಗಿದೆ ಅಂದ್ರೆ ಎಲ್ರೂ ಹೋಗ್ಬಹುದು ಹೋಗಿ ಅಂತಾರೆ, ಅವ್ರಿಗೆ ಅಭ್ಯಾಸ. ಬೆಳಿಗ್ಗೆ ಬಸ್ ಬಂದಿದೆ ಅಂದ್ರೆ ದಾರಿ ತೆರೆದಿದೆ, ಬಂದಿಲ್ಲ ಅಂದ್ರೆ ಏನೋ ಆಗಿದೆ, ಅಷ್ಟೇ ಲೆಕ್ಕ. ಹೊಳವು ಕೊಟ್ಟ ದಿನ ಕೇಳೋಕೂ ಜನ ಸಿಗದೇ ಇರ್ಬಹುದು, ಎಲ್ಲ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯೋಕೆ ತೋಟಕ್ಕೆ ಇಳಿದಿರ್ತಾರೆ.

ಹಳ್ಳ ರೋಡ್ ಮೇಲೆ ಹರೀತಿದ್ರೆ ನಿಲ್ಸಿ. ನೀರಿನ ಬಣ್ಣ ಕೆಂಪು, ಕೆಳಗೆ ಡಾಂಬರು ಇದೆಯೋ ಕೊಚ್ಚಿ ಹೋಗಿದೆಯೋ ಕಾಣಲ್ಲ. ಜೊತೆಗೊಬ್ಬ ಇದ್ರೆ ಇಳಿದು ನೋಡ್ಬಹುದು, ಒಬ್ರೇ ಇದ್ರೆ ಅದೂ ಬೇಡ. ಅರ್ಧ ಗಂಟೆ ಕಾಯಿರಿ, ಗುಡ್ಡದ ಹಳ್ಳ ಏರಿದಷ್ಟೇ ಬೇಗ ಇಳಿಯೋದೂ ಉಂಟು, ಇಳೀಲಿಲ್ಲ ಅಂದ್ರೆ ವಾಪಸ್ ಪಾಯಿಂಟಿಗೆ. ಮರ ಬಿದ್ದಿದ್ರೆ ಮೊದ್ಲು ತಂತಿ ಎಲ್ಲಿದೆ ನೋಡಿ, ಮರದ ಕೆಳಗೆ ನುಸುಳೋ ಸಾಹಸ ಆಮೇಲೆ.

ನಾಟಿ ಟೈಮಲ್ಲಿ ಟಿಲ್ಲರ್ ಗದ್ದೆಯಿಂದ ರೋಡಿಗೆ ಹತ್ತಿದ ಜಾಗದಲ್ಲಿ ಕೆಸರು ಸಾರಿಸಿದಂಗೆ ಇರುತ್ತೆ. ಹಳ್ಳಿ ಒಳಗಿನ ಕಾಂಕ್ರೀಟ್ ರೋಡಲ್ಲಿ ಎರಡು ಬದಿ ಹಸಿರು ಪಾಚಿ, ಚಕ್ರ ಓಡಾಡಿ ಬೆಳ್ಳಗಾದ ಪಟ್ಟಿ ಮೇಲೇ ಹೋಗಿ. ಇಳಿಜಾರಲ್ಲಿ ಎರಡನೇ ಗೇರು, ಇಂಜಿನ್ನೇ ಬ್ರೇಕು. ಮಂಜಲ್ಲಿ ಹೈಬೀಮ್ ಹಾಕಿದ್ರೆ ಬೆಳಕು ನಿಮ್ಮ ಮುಖಕ್ಕೇ ವಾಪಸ್ ಬರುತ್ತೆ, ಲೋ ಬೀಮಲ್ಲಿ ಎಡಗಡೆ ಅಂಚು ಹಿಡೀರಿ. ಕಾಟಿ (ಕಾಡುಕೋಣ) ರೋಡಲ್ಲಿ ನಿಂತಿದ್ರೆ ದೂರದಲ್ಲೇ ನಿಂತು ಹಾರ್ನ್ ಹೊಡೀದೆ ಕಾಯಿರಿ, ಒಂದು ದಾಟಿದ ಮೇಲೂ ಕಾಯಿರಿ, ಹಿಂದೆ ಇನ್ನೂ ಇರ್ತವೆ. ಆನೆ ಆದ್ರೆ ನಿಲ್ಲೋದೂ ಬೇಡ, ಸದ್ದು ಮಾಡ್ದೆ ತಿರುಗ್ಸಿ.

ಟೈಮ್ ಮೀರಿದ್ರೆ ತಿರುಗ್ಲೇಬೇಕು ಅಂತ ಬರ್ದಿದ್ದ ಆ ಹೊತ್ತಿಗೆ ಸರಿಯಾಗಿ ಹೊಳವು ಕೊಡುತ್ತೆ, ಆಕಾಶ ತಿಳಿಯಾಗುತ್ತೆ, ಇನ್ನು ಇಪ್ಪತ್ತೇ ಕಿಲೋಮೀಟರ್ ಅಂತ ಮನಸ್ಸು ಎಳೆಯುತ್ತೆ. ಮನೇಲಿ ಹಾಳೆ ಇರೋರಿಗೆ ಫೋನ್ ಮಾಡಿ ಕೇಳಿ, ಅವ್ರು ಬೇಡ ಅಂದ್ರೆ ಬೇಡ. ಒದ್ದೆ ಆಗದೆ ಕೂತಿರೋರ ತಲೆ ಆ ಹೊತ್ತಲ್ಲಿ ನಿಮ್ಮದಕ್ಕಿಂತ ಚೆನ್ನಾಗಿ ಓಡುತ್ತೆ.

ಊರಿಗೆ ಬಂದ್ಮೇಲೆ ಮೊದ್ಲು ಅವ್ರಿಗೆ ಬಂದೆ ಅಂತ ಹೇಳಿ, ಇಲ್ಲಾಂದ್ರೆ ಎಂಟಕ್ಕೆ 112 ಹೋಗುತ್ತೆ. ಮಾರನೇ ದಿನ ವಾಟರ್ ಸರ್ವಿಸ್ ಕೊಡುವಾಗ ವೀಲ್ ಬೇರಿಂಗ್ ಕಡೆ ಪ್ರೆಶರ್ ಹೊಡೆಸ್ಬೇಡಿ, ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿಸಿ, ಒಳಗೆ ಕೂತ ಕೆಮ್ಮಣ್ಣು ತೆಗೆಸಿ, ಏರ್ ಫಿಲ್ಟರ್ ಒದ್ದೆ ಆಗಿದೆಯಾ ನೋಡ್ಸಿ, ಪಕ್ಕದಲ್ಲಿ ಎಳೆಸಿದ್ದ ಕ್ಲಚ್ ಕೇಬಲ್ ಮಾತ್ರ ಹಾಗೇ ಇರ್ಲಿ.